ಕಟ್ಟಿಗೆಗೆ ಬಳಿದ ವಯಸ್ಸು

ಹೊಸದನ್ನು ಹಳೆಯದರಂತೆ ಕಾಣಿಸುವುದು ಮೋಸವೆ? ಕೇಳಿದ ಕೂಡಲೆ ಹೌದು ಎಂದುಬಿಡಬೇಕು ಅನ್ನಿಸುವ ಪ್ರಶ್ನೆ ಇದು. ಕೊಂಚ ನಿಂತು ಯೋಚಿಸಿದರೆ ಉತ್ತರ ಅಷ್ಟು ಸಲೀಸಲ್ಲ ಎಂದು ತಿಳಿಯುತ್ತದೆ. ಹುಬ್ಬಳ್ಳಿ, ಬೆಂಗಳೂರಿನಂಥ ಊರುಗಳ ಹೊಸ ಮನೆಗಳಲ್ಲಿ, ಹೋಟೆಲು ರೆಸಾರ್ಟುಗಳಲ್ಲಿ ಕಪ್ಪಗೆ ಮಾಗಿದ, ಅಂಚು ಸವೆದ, ಅಲ್ಲಲ್ಲಿ ಹುಳು ತಿಂದ ತೂತುಗಳಿರುವ ಕುರ್ಚಿ, ಪೆಟ್ಟಿಗೆ, ಬಾಗಿಲುಗಳನ್ನು ಕಾಣುತ್ತೇವೆ. ಅವುಗಳಲ್ಲಿ ಕೆಲವು ನಿಜಕ್ಕೂ ಹಳೆಯವು. ಹಲವು ಹೋದ ತಿಂಗಳು ಮಾಡಿದವು. ಕಟ್ಟಿಗೆಗೆ ಹೀಗೆ ವಯಸ್ಸು ಬಳಿಯುವ ಕೆಲಸಕ್ಕೆ ಪೇಟೆಯಲ್ಲಿ 'ಆಂಟಿಕ್ ಫಿನಿಶ್' ಎಂದು ಹೆಸರು. ಹೊಸದನ್ನು ಹೊಸದಾಗಿಯೇ ಮಾರಿದರೆ ಒಂದು ಬೆಲೆ, ಅದನ್ನೇ ಬಡಿದು ಕೆರೆದು ಹಳತಾಗಿಸಿದರೆ ಅದಕ್ಕಿಂತ ಹೆಚ್ಚಿನ ಬೆಲೆ. ಈ ವಿಚಿತ್ರವನ್ನು ಅರ್ಥಮಾಡಿಕೊಳ್ಳಬೇಕಾದರೆ, ಮೊದಲು ನಿಜವಾದ ಕಪ್ಪು ಎಲ್ಲಿಂದ ಬರುತ್ತದೆ ಎಂಬುದನ್ನು ನೋಡಬೇಕು.

ಅದಕ್ಕೆ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ಸೀಮೆ ತಕ್ಕ ಜಾಗ. ರೋಣ, ನರಗುಂದದ ಸುತ್ತ ಎರೆಭೂಮಿ. ಗಜೇಂದ್ರಗಡದ ಕಡೆ ಹೋದಂತೆ ಕಲ್ಲುಗುಡ್ಡಗಳು ಏಳುತ್ತವೆ. ಇದು ಸಾಗವಾನಿ ಬೆಳೆಯುವ ಕಾಡುನಾಡಲ್ಲ. ಹೊಲದ ಬದುವಿನ ಬೇವು ಮತ್ತು ಜಾಲಿಯೇ ಇಲ್ಲಿನ ಜನರ ಮರಗಳು. ಜಾಲಿ ಬಂಡಿಗೆ, ಕುಂಟೆ ಕೂರಿಗೆಗೆ ಒದಗುತ್ತಿತ್ತು. ಬೇವು ಮನೆಗೆ ಒದಗುತ್ತಿತ್ತು. ಸಾಗವಾನಿ ಬೇಕೆಂದರೆ ಪಡುವಣದ ದಾಂಡೇಲಿ, ಹಳಿಯಾಳದಂಥ ಕಡೆಯಿಂದ ಬರಬೇಕು. ಆದ್ದರಿಂದ ಸಾಗವಾನಿಯ ಕಂಬ, ಕೆತ್ತನೆಯ ಚೌಕಟ್ಟು ಇರುವ ಮನೆಯೆಂದರೆ ಅದು ದೇಸಾಯರದೊ ಗೌಡರದೊ ಸಾವುಕಾರರದೊ ಆಗಿರುತ್ತಿತ್ತು. ಉಳಿದವರದು ಸಾದಾ ಮಣ್ಣಿನ ಮಾಳಿಗೆ. ದಪ್ಪ ಮಣ್ಣಿನ ಗೋಡೆ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಮಣ್ಣು. ಬೆಳಕು ಬರಲು ಹೊಗೆ ಹೋಗಲು ಒಂದು ಬೆಳಕಿಂಡಿ.

ಇಂಥ ಮನೆಗಳ ಕಟ್ಟಿಗೆ ಕಪ್ಪಾದದ್ದು ಹೇಗೆ? ಒಲೆಯಲ್ಲಿ ಹತ್ತಿಕಟಿಗೆ ಉರಿಯಿತು, ಕುಳ್ಳು ಉರಿಯಿತು. ಅದರ ಹೊಗೆ ಮೊದಲು ರೊಟ್ಟಿ ಬಡಿಯುವ ಹೆಣ್ಣುಮಗಳ ಕಣ್ಣಿಗೂ ಎದೆಗೂ ಹೋಯಿತು. ಮಿಕ್ಕದ್ದು ಮೇಲೇರಿ ಜಂತಿಗೆ ಅಂಟಿತು. ವರ್ಷಗಟ್ಟಲೆ ಅಂಟಿದ ಮೇಲೆ ಜಂತಿಗೆ ಡಾಂಬರಿನಂಥ ಹೊಳಪು ಬಂತು. ಬಾಗಿಲ ಬಳೆಯ ಸುತ್ತ ಕಪ್ಪಾಗಿದ್ದರೆ ಅದು ಹೊಲದಿಂದ ಬಂದವರ ಕೈಯ ಬೆವರು ಮತ್ತು ಮಣ್ಣು. ಕಂಬದ ಮೇಲೆ ಒಂದು ಎತ್ತರದಲ್ಲಷ್ಟೆ ನುಣುಪಾಗಿದ್ದರೆ ಅದು ಪಡಸಾಲೆಯಲ್ಲಿ ಬೆನ್ನು ಕೊಟ್ಟು ಕೂತವರು ಬಿಟ್ಟುಹೋದ ಎಣ್ಣೆಜಿಡ್ಡು. ಹೊಸ್ತಿಲಿನ ನಡುವೆ ತಗ್ಗಾಗಿದ್ದರೆ ಅದು ಮೂರ್ನಾಲ್ಕು ತಲೆಮಾರಿನ ಕಾಲು. ದರ್ಗಾಗಳ ಚೌಕಟ್ಟು ಕಪ್ಪಾಗಿದ್ದರೆ ಅದಕ್ಕೆ ಲೋಬಾನದ ಹೊಗೆಯೂ ದೀಪದೆಣ್ಣೆಯೂ ಕಾರಣ. ನಿಜವಾದ ಸವೆತಕ್ಕೆ ಯಾವಾಗಲೂ ಒಂದು ಕಾರಣ ಇರುತ್ತದೆ. ಕೈ ಮುಟ್ಟುವ ಕಡೆ ಅದು ಇರುತ್ತದೆ, ಮುಟ್ಟದ ಕಡೆ ಇರುವುದಿಲ್ಲ.

ಈಗ ಈ ಮನೆಗಳು ಒಂದೊಂದಾಗಿ ಹೋಗುತ್ತಿವೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲೂಕಿನ ಹೊಳೆಆಲೂರುಗಳಿಗೆ ನೀರು ನುಗ್ಗಿತು. ಪಕ್ಕದ ಬಾಗಲಕೋಟೆಯಲ್ಲಿ ಹಳೆಯ ಊರಿನ ದೊಡ್ಡ ಭಾಗ ಆಲಮಟ್ಟಿಯ ಹಿನ್ನೀರಿಗೆ ಹೋಗಿ ನವನಗರ ಎದ್ದಿತು. ಮಳೆ, ಹೊಳೆ, ಅಣೆಕಟ್ಟು ಯಾವುದೂ ಇಲ್ಲದ ಕಡೆ ಜನ ತಾವೇ ಮಾಳಿಗೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಕೊಂಡರು. ಅದರಲ್ಲಿ ತಪ್ಪೇನಿಲ್ಲ. ಸೋರುವ ಮಾಳಿಗೆಯ ಕಷ್ಟ ಅದರ ಕೆಳಗೆ ಮಲಗಿದವರಿಗೇ ಗೊತ್ತು. ಮಣ್ಣಿನ ಗೋಡೆ ಬಿದ್ದರೆ ಮಣ್ಣಾಗುತ್ತದೆ. ಮಾರಲು ಉಳಿಯುವುದು ಕಟ್ಟಿಗೆ ಮಾತ್ರ. ಹೀಗೆ ಕಂಬ, ಬಾಗಿಲು, ಧಾನ್ಯದ ಪೆಟ್ಟಿಗೆಗಳು ಗುಜರಿಯವರ ಕೈಗೆ ಬರುತ್ತವೆ. ಅಲ್ಲಿಂದ ದೊಡ್ಡ ಊರಿನ ಅಂಗಡಿಗಳಿಗೆ ಹೋಗುತ್ತವೆ. ಹಳೆಯ ಬಾಗಿಲುಗಳ ಸಂಖ್ಯೆಗೆ ಮಿತಿಯಿದೆ. ಕೊಳ್ಳುವ ಆಸೆಗೆ ಮಿತಿಯಿಲ್ಲ. ಆ ಅಂತರವನ್ನು ತುಂಬಲು ಹೊಸ ಕಟ್ಟಿಗೆಯನ್ನು ಹಳತಾಗಿಸುವ ವಿದ್ಯೆ ಬರುತ್ತದೆ.

ಆ ವಿದ್ಯೆ ಕಷ್ಟದ್ದಲ್ಲ. ಹೊಸ ಪೆಟ್ಟಿಗೆಯ ಅಂಚು ಮೂಲೆಗಳನ್ನು ಅರದಿಂದ ಉಜ್ಜಿ ಮೊಂಡು ಮಾಡುತ್ತಾರೆ. ತಂತಿಯ ಬ್ರಷ್ಷಿನಿಂದ ತಿಕ್ಕಿದರೆ ಕಟ್ಟಿಗೆಯ ಮೆತ್ತನೆಯ ಭಾಗ ಹೋಗಿ ಗಟ್ಟಿ ಗೆರೆಗಳು ಏಳುತ್ತವೆ. ಸರಪಳಿಯಿಂದ, ಕೀಲಿಗೊಂಚಲಿನಿಂದ ಹೊಡೆದು ಪೆಟ್ಟಿನ ಗುರುತು ಮೂಡಿಸುತ್ತಾರೆ. ಸಣ್ಣ ಡ್ರಿಲ್ಲಿನಿಂದ ಹುಳುವಿನ ತೂತು ಕೊರೆಯುತ್ತಾರೆ. ಆಮೇಲೆ ಬಣ್ಣ. ಪಾತ್ರೆ ಉಜ್ಜುವ ಉಕ್ಕಿನ ನಾರನ್ನು ವಿನೆಗರಿನಲ್ಲಿ ಕೆಲವು ದಿನ ನೆನೆಹಾಕಿ, ಮೊದಲು ಚಹಾದ ಡಿಕಾಕ್ಷನ್ ಬಳಿದ ಕಟ್ಟಿಗೆಗೆ ಆ ನೀರನ್ನು ಸವರಿದರೆ, ಚಹಾದ ಒಗರೂ ಕಬ್ಬಿಣವೂ ಕೂಡಿ ನೋಡನೋಡುತ್ತಲೇ ಕಪ್ಪೇರುತ್ತದೆ. ಔಷಧಿ ಅಂಗಡಿಯ ಪೊಟ್ಯಾಶಿಯಂ ಪರ್ಮ್ಯಾಂಗನೇಟಿನ ನೀರು ಬಳಿದರೆ ಮೊದಲು ನೇರಳೆಯಾಗಿ ಕ್ಷಣದಲ್ಲಿ ಕಂದಾಗುತ್ತದೆ. ಕೊನೆಗೆ ಅರಗಿನ ಪಾಲಿಶ್, ಸಂದುಗಳಲ್ಲಿ ಕಪ್ಪು ಮೇಣ. ಮೂರು ತಲೆಮಾರು ಮಾಡಬೇಕಾದ ಕೆಲಸ ಮೂರು ದಿನದಲ್ಲಿ ಮುಗಿಯುತ್ತದೆ.

ಬಲ್ಲವರು ಇದನ್ನು ಗುರುತಿಸುತ್ತಾರೆ. ನಿಜವಾದ ಹುಳು ನೆಟ್ಟಗೆ ಕೊರೆಯುವುದಿಲ್ಲ, ಸೊಟ್ಟಸೊಟ್ಟಾಗಿ ಹೋಗುತ್ತದೆ. ಯಂತ್ರದ ದುಂಡು ಗರಗಸ ಹಲಗೆಯ ಹಿಂಬದಿಯಲ್ಲಿ ಬಿಲ್ಲಿನಂಥ ಗೆರೆ ಬಿಟ್ಟಿರುತ್ತದೆ. ಕೈಗರಗಸದ ಗೆರೆ ನೆಟ್ಟಗಿರುತ್ತದೆ. ಯಾರ ಕೈಯೂ ಕಾಲೂ ತಾಗಲಾರದ ಕಡೆ ಸವೆತ ಇದ್ದರೆ ಅನುಮಾನ ಪಡಬೇಕು. ಆದರೆ ಎಲ್ಲರೂ ಬಲ್ಲವರಲ್ಲ. ಪ್ರಶ್ನೆ ಇರುವುದು ಬಲ್ಲದವರ ಎದುರು ಮಾರುವವನ ನಡತೆ ಹೇಗಿರಬೇಕು ಎಂಬುದರಲ್ಲಿ.

ಬಣ್ಣ ಬಳಿಯುವುದೇ ಸುಳ್ಳು ಎಂದು ಹೇಳಲಾಗದು. ಅಣಲೆಕಾಯಿಯ ಒಗರಿಗೆ ಅನ್ನಭೇದಿಯ ಕಬ್ಬಿಣ ಕೂಡಿಸಿ ನಮ್ಮ ಹಿರಿಯರು ಶಾಯಿ ಮಾಡಿದರು. ಒಗರು ಮತ್ತು ಕಬ್ಬಿಣದ ಇದೇ ಕೂಟದಿಂದ ಬಟ್ಟೆಗೂ ಕಪ್ಪು ಬಂತು. ಗಜೇಂದ್ರಗಡ ನೇಕಾರರ ಊರು. ಅಲ್ಲಿ ನೂಲಿಗೆ ಬಣ್ಣ ಹಾಕುವುದನ್ನು ಯಾರೂ ವಂಚನೆ ಎನ್ನಲಿಲ್ಲ. ಅಲ್ಲಿಂದ ಬಹಳ ದೂರವಿಲ್ಲದ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಮೂರ್ತಿಗಳ ಒಡವೆಗಳನ್ನು ಬೆಳ್ಳಿ ಬಂಗಾರದಂತೆ ಮಿರುಗಿಸುತ್ತಾರೆ. ಅದು ಬಂಗಾರವಲ್ಲವೆಂದು ಮಾಡುವವರಿಗೂ ಗೊತ್ತು, ಕೊಳ್ಳುವವರಿಗೂ ಗೊತ್ತು. ಇಬ್ಬರಿಗೂ ಗೊತ್ತಿರುವ ನಟನೆ ಕಲೆಯಾಗುತ್ತದೆ. ಒಬ್ಬರಿಗೆ ಮಾತ್ರ ಗೊತ್ತಿರುವ ನಟನೆ ವ್ಯಾಪಾರದ ಮೋಸವಾಗುತ್ತದೆ. ಕಪ್ಪು ಬಣ್ಣ ಇಷ್ಟವೆಂದು ಹೊಸ ಕುರ್ಚಿಯನ್ನು ಕಪ್ಪು ಮಾಡಿಸಿಕೊಳ್ಳುವವರನ್ನು ಯಾರೂ ತಪ್ಪು ಹಿಡಿಯಬೇಕಿಲ್ಲ.

ಹದೀಸಿನಲ್ಲಿ ಬರುವ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಪ್ರವಾದಿ ಮುಹಮ್ಮದರು ಪೇಟೆಯಲ್ಲಿ ನಡೆದುಹೋಗುವಾಗ ಮಾರಾಟಕ್ಕಿಟ್ಟ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದರು. ಮೇಲೆ ಒಣಗಿದ್ದ ರಾಶಿ ಒಳಗೆ ತೇವವಾಗಿತ್ತು. ಕೇಳಿದಾಗ ವ್ಯಾಪಾರಿ, ಮಳೆಗೆ ನೆನೆಯಿತು ಎಂದ. ಹಾಗಾದರೆ ತೇವದ ಕಾಳನ್ನು ಜನ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಪ್ರವಾದಿ ಕೇಳಿದರು. ವಂಚಿಸುವವರನ್ನು ತಮ್ಮವರೆಂದು ಎಣಿಸಲಾಗದು ಎಂಬರ್ಥದ ಕಟುಮಾತನ್ನೂ ಆಡಿದರು. ಗಮನಿಸಬೇಕಾದ ಸಂಗತಿಯೆಂದರೆ, ನೆನೆದ ಕಾಳನ್ನು ಮಾರಲೇಬಾರದು ಎಂದು ಅವರು ಹೇಳಲಿಲ್ಲ. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ಒಣಗಿದ್ದನ್ನು ಮೇಲಿಟ್ಟದ್ದು ಅವನ ಕೈಯ ಕೆಲಸ.

ಈ ನೀತಿಯನ್ನು ನಮ್ಮ ಪೆಟ್ಟಿಗೆಗೆ ಹಚ್ಚಿ ನೋಡೋಣ. ಒಂದು ಪ್ರಸಂಗ ಕಲ್ಪಿಸಿಕೊಳ್ಳಿ. ರೋಣದ ಬಡಿಗರೊಬ್ಬರು ಬೇವಿನ ಮರದಲ್ಲಿ ಒಂದು ಪೆಟ್ಟಿಗೆ ಮಾಡುತ್ತಾರೆ. ವ್ಯಾಪಾರಿಯೊಬ್ಬ ಅದನ್ನು ಕೊಂಡು, ಪಾಲಿಶಿನವರಿಂದ ಕಪ್ಪು ಮಾಡಿಸಿ, ಬೆಂಗಳೂರಿನ ಅಂಗಡಿಯಲ್ಲಿ ಇಡುತ್ತಾನೆ. ಗಿರಾಕಿ ಕೇಳುತ್ತಾರೆ: "ಎಷ್ಟು ವರ್ಷದ್ದು ಇದು?" ವ್ಯಾಪಾರಿ, "ನರಗುಂದದ ವಾಡೇದಾಗಿಂದು ಬಂದದ್ದರೀ, ನೂರು ವರ್ಷದ ಮ್ಯಾಲೆ ಆಗೈತಿ" ಅಂದರೆ ಅದು ನೇರ ಸುಳ್ಳು. ಚರ್ಚೆಗೆ ಅಲ್ಲಿ ಜಾಗವಿಲ್ಲ. ಕಾನೂನೂ ಇದಕ್ಕೆ ಹೊರತಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕುಶಲವಸ್ತು ಪುರಾವಸ್ತುವಾಗುತ್ತದೆ. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಹಳೆಯದರಂತೆ ಕಾಣುವ ವಸ್ತುವನ್ನು ಹೊರಗೆ ಕಳಿಸಬೇಕಾದವರು ಇದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕು. ಗಿರಾಕಿಯ ಮುಂದೆ ನೂರು ವರ್ಷ ಎಂದು ಹೊಗಳಿಸಿಕೊಂಡ ಪೆಟ್ಟಿಗೆ ಅಧಿಕಾರಿಯ ಮುಂದೆ ಹೊಸದಾಗಿಬಿಡಬೇಕಾಗುತ್ತದೆ.

ಇನ್ನೊಬ್ಬ ವ್ಯಾಪಾರಿ ಸುಳ್ಳು ಹೇಳುವುದಿಲ್ಲ. "ನೀವ ನೋಡ್ರಿ ಸಾಹೇಬ್ರ, ಹೆಂಗೈತಿ ಅಂತ" ಎಂದು ನಕ್ಕು ಸುಮ್ಮನಾಗುತ್ತಾನೆ. ತಾನು ಹುಸಿ ನುಡಿಯಲಿಲ್ಲ ಎಂಬ ಸಮಾಧಾನ ಅವನಿಗಿರುತ್ತದೆ. ಆದರೆ ಕೊರೆದ ತೂತುಗಳು ಅವನ ಪರವಾಗಿ ಆಗಲೇ ಮಾತಾಡಿವೆ. ತೂತು ಕೊರೆಸಿದ್ದು ಗಿರಾಕಿ ನಂಬಲಿ ಎಂದೇ ಆಗಿದ್ದರೆ, ಆಮೇಲೆ ಬಾಯಿ ಮುಚ್ಚಿಕೊಂಡದ್ದು ಪ್ರಾಮಾಣಿಕತೆಯಾಗದು. ಒಣಗಿದ ಕಾಳನ್ನು ಮೇಲಿಟ್ಟ ವ್ಯಾಪಾರಿಯೂ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ.

ಮೂರನೆಯ ವ್ಯಾಪಾರಿ ನಿಜ ಹೇಳುತ್ತಾನೆ: "ಹೊಸಾದರೀ ಇದು, ಹಳೇದರಗತೆ ಪಾಲಿಶ್ ಮಾಡಿಸೇವಿ." ಗಿರಾಕಿ ತಿಳಿದೇ ಕೊಳ್ಳುತ್ತಾರೆ. ಇಲ್ಲಿ ವ್ಯಾಪಾರ ಶುದ್ಧವಾಗಿದೆ. ಮನೆಗೆ ಬಂದ ನೆಂಟರಿಗೆ ಆ ಗಿರಾಕಿ "ನಮ್ಮ ಮುತ್ತಜ್ಜನ ಪೆಟ್ಟಿಗೆ" ಎಂದು ಹೇಳಿದರೆ ಅದು ಅವರ ಜವಾಬ್ದಾರಿ.

ಇಲ್ಲಿಗೆ ಲೆಕ್ಕ ಮುಗಿಯಿತು ಎಂದು ನೀತಿ ಹೇಳುವವರು ಹೊರಡಬಹುದು. ಆದರೆ ಈ ಮೂರೂ ಪ್ರಸಂಗಗಳಲ್ಲಿ ಒಬ್ಬರ ಮಾತೇ ಬರಲಿಲ್ಲ. ಪೆಟ್ಟಿಗೆ ಮಾಡಿದ ರೋಣದ ಬಡಿಗ ಎಲ್ಲಿ ಹೋದರು? ಹಲಗೆ ಜೋಡಿಸಿದ್ದು ಅವರು, ಮೂಲೆಯಲ್ಲಿ ಸಂದು ಕಾಣದಂತೆ ಬೆಸುಗೆ ಕೂರಿಸಿದ್ದು ಅವರು. ಗಿರಾಕಿ ಮುಚ್ಚಳ ಎತ್ತಿ ನೋಡಿ "ಆಗಿನ ಕಾಲದವರ ಕೆಲಸ ನೋಡಿ, ಈಗಿನವರಿಗೆ ಎಲ್ಲಿ ಬರುತ್ತೆ?" ಎನ್ನುತ್ತಾರೆ. ಅದನ್ನು ಮಾಡಿದವರು ಈಗಿನವರೇ. ರೋಣದಲ್ಲಿ ಕೂತು ಇನ್ನೊಂದು ಪೆಟ್ಟಿಗೆಗೆ ಹಲಗೆ ಕೊಯ್ಯುತ್ತಿದ್ದಾರೆ. ಅವರಿಗೆ ಸಲ್ಲಬೇಕಾದ ಮೆಚ್ಚುಗೆ ಎಂದೂ ಇಲ್ಲದಿದ್ದ ಒಬ್ಬ ಸತ್ತ ಬಡಿಗನಿಗೆ ಹೋಯಿತು. ಹಣದ ಲೆಕ್ಕದಲ್ಲಿ ಮೋಸಹೋದವರು ಗಿರಾಕಿ. ಹೆಸರಿನ ಲೆಕ್ಕದಲ್ಲಿ ಮೋಸಹೋದವರು ಬಡಿಗ. ಹಣವನ್ನು ಹಿಂದಿರುಗಿಸಬಹುದು. ಕೆಲಸಗಾರನ ಹೆಸರನ್ನು ಅವನ ಕೆಲಸದಿಂದಲೇ ಅಳಿಸಿದರೆ ಯಾವ ಅಂಗಡಿಯೂ ಅದನ್ನು ಹಿಂದಿರುಗಿಸಲಾರದು.

ಇಟಲಿಯ ಮೈಕೆಲೆಂಜೆಲೊ ಹರೆಯದಲ್ಲಿ ಮಲಗಿದ ಕ್ಯುಪಿಡ್ಡನ ಮೂರ್ತಿಯೊಂದನ್ನು ಕಡೆದಿದ್ದ. ಅದನ್ನು ಹಳತಾಗಿ ಕಾಣುವಂತೆ ಮಾಡಿ, ಪ್ರಾಚೀನವೆಂದು 1496ರಲ್ಲಿ ರೋಮಿನ ಕಾರ್ಡಿನಲ್ ರಿಯಾರಿಯೊಗೆ ಮಾರಲಾಯಿತು. ಗುಟ್ಟು ತಿಳಿದ ಮೇಲೆ ಕಾರ್ಡಿನಲ್ ವ್ಯಾಪಾರಿಯಿಂದ ಹಣ ವಾಪಸು ಪಡೆದ. ಆದರೆ ಇಷ್ಟು ಚೆನ್ನಾಗಿ ಕಡೆದವನು ಯಾರೆಂದು ಕುತೂಹಲಗೊಂಡು ಆ ಶಿಲ್ಪಿಯನ್ನು ರೋಮಿಗೆ ಕರೆಸಿಕೊಂಡ. ಸುಳ್ಳು ಬಯಲಾದ್ದರಿಂದ ಶಿಲ್ಪಿಗೆ ಹೆಸರು ಬಂತು. ಬಯಲಾಗದಿದ್ದರೆ ಆ ಮೂರ್ತಿ ಯಾರೋ ಅನಾಮಿಕ ರೋಮನ್ನನ ಹೆಸರಿನಲ್ಲಿ ಉಳಿದುಬಿಡುತ್ತಿತ್ತು. ನಮ್ಮ ಬಡಿಗರ ಪಾಲಿಗೆ ಅಂಥ ಕಾರ್ಡಿನಲ್ ಬರುವ ಸಂಭವ ಕಡಿಮೆ.

ಹಾಗಾದರೆ ಹಳೆಯದರ ಆಸೆಯೇ ತಪ್ಪೆ? ಅದನ್ನೂ ಅನುಕಂಪದಿಂದ ನೋಡಬೇಕು. ಸಾಗವಾನಿಯ ಪೆಟ್ಟಿಗೆ ಅಜ್ಜನಿಂದ ಬಂದದ್ದು ಕೆಲವೇ ಮನೆಗಳಿಗೆ. ಕೂಲಿಯವರ, ಜೀತದವರ, ಒಕ್ಕಲುಗಳ ಮಕ್ಕಳಿಗೆ ಬಂದದ್ದು ಅಜ್ಜನ ಸಾಲ. ಅಂಥ ಮನೆಯಿಂದ ಓದಿ ಮೇಲೆ ಬಂದವರೊಬ್ಬರು ತಮ್ಮ ಹೊಸ ಮನೆಯಲ್ಲಿ ಹಳೆಯ ಕಾಲದಂಥ ಒಂದು ಕುರ್ಚಿ ಇರಲೆಂದು ಬಯಸಿದರೆ ಅದನ್ನು ನಗೆಪಾಟಲು ಮಾಡುವ ಹಕ್ಕು ದೇಸಾಯರ ಮೊಮ್ಮಕ್ಕಳಿಗೆ ಇಲ್ಲ. ಮುತ್ತಜ್ಜನಿಂದ ಬಂದ ಪೆಟ್ಟಿಗೆಯೂ ಯಾರ ಬೆವರಿನಿಂದ ಬಂತು ಎಂದು ಕೇಳಬಹುದು. ನಾವು ಚಂದ ಎನ್ನುವ ಆ ಕಪ್ಪು, ಒಲೆಯ ಮುಂದೆ ಕೆಮ್ಮುತ್ತ ಕೂತ ಹೆಂಗಸರ ಆಯುಷ್ಯದ ಬಣ್ಣವೂ ಹೌದು. ಆ ಬಣ್ಣವನ್ನು ಡಬ್ಬಿಯಿಂದ ಬಳಿಯುವಾಗ ಹೊಗೆ ಬಿಟ್ಟುಹೋಗುತ್ತದೆ, ಅದು ಒಳ್ಳೆಯದೆ. ಜತೆಗೆ ಆ ಹೆಂಗಸರ ನೆನಪೂ ಬಿಟ್ಟುಹೋಗುತ್ತದೆ.

ತಮ್ಮದಲ್ಲದ್ದನ್ನು ತಮ್ಮದಾಗಿಸಿಕೊಳ್ಳುವ ಗೌರವದ ದಾರಿಯೊಂದು ಲೋಕದಲ್ಲಿ ಮೊದಲಿನಿಂದ ಇದೆ. ಅದು ದತ್ತು. ನರಗುಂದದ ಚರಿತ್ರೆಯಲ್ಲಿ ಇದರ ದುರಂತವೊಂದಿದೆ. ಅಲ್ಲಿನ ಅರಸ ಭಾಸ್ಕರರಾವ್ ಭಾವೆ, ಜನ ಕರೆಯುವಂತೆ ಬಾಬಾಸಾಹೇಬ, ದತ್ತು ತೆಗೆದುಕೊಳ್ಳಲು ಅನುಮತಿ ಕೇಳಿದಾಗ ಬ್ರಿಟಿಷರು ನಿರಾಕರಿಸಿದರು. 1858ರ ನರಗುಂದ ಬಂಡಾಯದ ಕಾರಣಗಳಲ್ಲಿ ಇದೂ ಒಂದು. ಅದೇ ವರ್ಷ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಹೊಟ್ಟೆಯಲ್ಲಿ ಹುಟ್ಟಿದ ವಾರಸುದಾರನಷ್ಟೇ ಅಸಲಿ, ಉಳಿದದ್ದು ನಕಲಿ ಎಂಬುದು ಕಂಪನಿಯ ಲೆಕ್ಕ. ಆ ಲೆಕ್ಕದ ಹಿಂದೆ ರಾಜ್ಯ ನುಂಗುವ ಆಸೆಯಿತ್ತು. ದತ್ತು ಬಂದ ಮಗ ನಕಲಿಯಲ್ಲ. ಏಕೆಂದರೆ ಅವನು ದತ್ತು ಎಂಬುದು ಊರಿಗೇ ಗೊತ್ತಿರುತ್ತದೆ.

ಇಸ್ಲಾಮಿನ ಪರಂಪರೆ ಇದೇ ವಿಷಯದಲ್ಲಿ ಇನ್ನೊಂದು ಎಚ್ಚರವನ್ನು ಸೇರಿಸುತ್ತದೆ. ಜೀತದಿಂದ ಬಿಡುಗಡೆ ಪಡೆದ ಝೈದ್ ಎಂಬಾತನನ್ನು ಪ್ರವಾದಿ ಮಗನಂತೆ ಸಾಕಿದರು. ಜನ ಆತನನ್ನು ಮುಹಮ್ಮದರ ಮಗ ಝೈದ್ ಎಂದೇ ಕರೆಯತೊಡಗಿದರು. ಸಾಕುಮಕ್ಕಳನ್ನು ಅವರ ಹುಟ್ಟಿದ ತಂದೆಯ ಹೆಸರಿನಿಂದಲೇ ಕರೆಯಬೇಕೆಂಬ ಆದೇಶ ಕುರ್‌ಆನಿನ ಅಹ್‌ಝಾಬ್ ಅಧ್ಯಾಯದಲ್ಲಿ ಬಂದ ಮೇಲೆ ಆತ ಮತ್ತೆ ಹಾರಿಸನ ಮಗ ಝೈದ್ ಆದ. ಪ್ರೀತಿ ಕಡಿಮೆಯಾಗಲಿಲ್ಲ. ಅನಾಥರನ್ನು ಸಾಕುವುದು ದೊಡ್ಡ ಪುಣ್ಯ. ಆದರೆ ಸಾಕಿದ ನೆಪದಲ್ಲಿ ಹುಟ್ಟಿನ ಹೆಸರನ್ನು ಅಳಿಸಬಾರದು. ಕಪ್ಪು ಬಣ್ಣದ ಹೊಸ ಪೆಟ್ಟಿಗೆಗೂ ಇದನ್ನೇ ಅನ್ವಯಿಸಬಹುದು. ಅದನ್ನು ಮನೆಗೆ ತನ್ನಿ, ಪ್ರೀತಿಯಿಂದ ಇಟ್ಟುಕೊಳ್ಳಿ, ಬೇಕಾದ ಬಣ್ಣ ಬಳಿಸಿ. ಅದರ ತಂದೆಯ ಹೆಸರನ್ನು ಅಳಿಸಬೇಡಿ.

ಕಟ್ಟಿಗೆಯ ಮಾತು ಕಟ್ಟಿಗೆಗೇ ನಿಲ್ಲುವುದಿಲ್ಲ. ನಮ್ಮ ಸಮುದಾಯಗಳೂ ಇದೇ ಪಾಲಿಶಿನ ಅಂಗಡಿಗೆ ಹೋಗಿ ಬಂದಿವೆ. ಹತ್ತಿಯ ಈ ಸೀಮೆಯಲ್ಲಿ ಹತ್ತಿ ಹಿಂಜಿ ಊರಿನವರ ಗಾದಿ ತುಂಬಿದ ಪಿಂಜಾರರು ತಮ್ಮ ಕೈಕಸುಬಿಗಾಗಿ ತಲೆಯೆತ್ತಿ ನಿಲ್ಲಬಹುದು. ಅಂಥ ಕಸುಬಿನವರು ನಾಲ್ಕು ಕಾಸು ಬಂದೊಡನೆ ಅರಬಸ್ಥಾನದ ಮುತ್ತಜ್ಜನನ್ನು ಹುಡುಕಿಕೊಳ್ಳುವಂತೆ ಮಾಡಿದ್ದು ಯಾವುದು? ಮುಸ್ಲಿಮರಲ್ಲಿ ಶೇಖ್, ಸೈಯದ್ ಆಗುವ ಹಂಬಲ ಇದ್ದಂತೆಯೆ, ಹಿಂದೂ ಜಾತಿಗಳಲ್ಲಿ ಯಾವುದೋ ಅರಸುವಂಶಕ್ಕೆ ಗಂಟುಹಾಕಿಕೊಳ್ಳುವ ಹಂಬಲವೂ ಇದೆ. ಎರಡೂ ಕಡೆ ಅಳಿಸಿಹೋಗುವುದು ನಿಜವಾಗಿ ದುಡಿದ ಅಜ್ಜನ ಹೆಸರು. ಇದಕ್ಕಿಂತ ಅಪಾಯದ ಪಾಲಿಶ್ ಇನ್ನೊಂದಿದೆ. ನಿನ್ನೆ ಮೊನ್ನೆ ಹುಟ್ಟಿಸಿದ ಜಗಳಕ್ಕೆ ಸಾವಿರ ವರ್ಷದ ಮಸಿ ಬಳಿದು, ಇದು ಹಿಂದಿನಿಂದ ಬಂದ ಹಗೆ ಎಂದು ಜನರಿಗೆ ಮಾರುವುದು. ಮೊಹರಮ್ಮಿನ ಪಂಜಾದ ಮುಂದೆ ಎಲ್ಲ ಜಾತಿಯವರು ಕೂಡಿ ಕುಣಿಯುವ ಊರುಗಳಿಗೂ ಈ ಮಾಲು ಬರುತ್ತದೆ. ಕೊಳ್ಳುವ ಮೊದಲು ಹಲಗೆಯ ಹಿಂಬದಿಯನ್ನು ತಿರುಗಿಸಿ, ಗರಗಸದ ಗೆರೆ ನೋಡುವುದು ಒಳ್ಳೆಯದು.

ಇದಕ್ಕೆ ಪರಿಹಾರವೂ ಕಟ್ಟಿಗೆಯ ಕೆಲಸದಲ್ಲೇ ಇದೆ. ದುರಸ್ತಿಯನ್ನು ನೋಡಿ. ನಮ್ಮ ಊರುಗಳ ತೇರಿಗೆ ಗಾಲಿ ಹಾಳಾದರೆ ಬಡಿಗರು ಹೊಸ ಗಾಲಿ ಹಾಕುತ್ತಾರೆ. ಹೊಸದು ಬೆಳ್ಳಗೆ ಕಾಣುತ್ತದೆ, ಯಾರೂ ಅದಕ್ಕೆ ಮಸಿ ಬಳಿಯುವುದಿಲ್ಲ. ಯಾರ ಕಾಲದಲ್ಲಿ ಯಾರು ಹಾಕಿದ ಗಾಲಿ ಎಂದು ಊರಿನವರು ಹೇಳುತ್ತಾರೆ. ತೇರು ಹಳೆಯದಾಗಿಯೂ ಇರುತ್ತದೆ, ಹೊಸದಾಗಿಯೂ ಇರುತ್ತದೆ. ಯಾರಿಗೂ ಅನ್ಯಾಯವಾಗುವುದಿಲ್ಲ.

ಕೆಲಸಗಾರನ ಹೆಸರು ಉಳಿಸುವುದು ಈ ಸೀಮೆಗೆ ಹೊಸ ಮಾತಲ್ಲ. ಬಾಚಿ ಹಿಡಿದು ಮರ ಕೆತ್ತುತ್ತಿದ್ದವನು ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನಾಗಿ, ತನ್ನ ಉಪಕರಣದ ಹೆಸರಿನಿಂದಲೇ ಬಾಚಿಕಾಯಕದ ಬಸವಣ್ಣ ಎನಿಸಿಕೊಂಡ. ಹೊಳೆಆಲೂರನ್ನು ದಾಟಿ ಮಲಪ್ರಭೆಯ ಜತೆಯಲ್ಲೇ ಕೆಳಕ್ಕೆ ಹೋದರೆ ಪಟ್ಟದಕಲ್ಲು ಸಿಗುತ್ತದೆ. ಅಲ್ಲಿನ ಎಂಟನೆಯ ಶತಮಾನದ ಗುಡಿಗಳಲ್ಲಿ ಕಟ್ಟಿಸಿದವರ ಹೆಸರಿನ ಜತೆ ಕಟ್ಟಿದವರ ಹೆ‌ಸರೂ ಇದೆ. ಗುಂಡ ಅನಿವಾರಿತಾಚಾರಿ, ರೇವಡಿ ಓವಜ್ಜ ಎಂಬ ಕುಶಲಿಗಳ ಹೆಸರನ್ನು ಕಲ್ಲಿನ ಮೇಲೆ ಇಂದಿಗೂ ಓದಬಹುದು. ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು ಹಳೆಯ ಕಲ್ಲಿಗೆ ಮಾಡಿದವರ ಹೆಸರಿದೆ. ಹೋದ ತಿಂಗಳ ಪೆಟ್ಟಿಗೆಗೆ ಇಲ್ಲ.

ಪೆಟ್ಟಿಗೆಯ ತಳದಲ್ಲಿ ಬಡಿಗರ ಹೆಸರು, ಊರು, ಇಸವಿ ಇಷ್ಟನ್ನು ಉಳಿಯಿಂದ ಕೆತ್ತಲು ಐದು ನಿಮಿಷ ಸಾಕು. ಕೊಳ್ಳುವವರು ಅದನ್ನು ಕೇಳಿ ಬರೆಸಬೇಕು. ಮಾರುವವರು ಅದಕ್ಕೆ ಒಪ್ಪಬೇಕು. ಮೇಲೆ ಎಷ್ಟು ಕಪ್ಪು ಬಳಿದರೂ ಆಗ ಆ ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ. ಅದನ್ನು ಒಂದು ಮನೆಯವರು ಬಳಸುತ್ತ ಹೋದರೆ ಮುಚ್ಚಳ ಎತ್ತುವ ಕಡೆ ಕೈಯ ಜಿಡ್ಡು ಹತ್ತುತ್ತದೆ, ಮಕ್ಕಳು ಹತ್ತಿ ಕೂರುವ ಕಡೆ ಸವೆಯುತ್ತದೆ. ಅರುವತ್ತು ಎಪ್ಪತ್ತು ವರ್ಷಕ್ಕೆ ಅದು ತಾನೇ ಹಳೆಯದಾಗುತ್ತದೆ. ಆಗ ಅದನ್ನು ತಿರುಗಿಸಿ ನೋಡಿದವರಿಗೆ ರೋಣದ ಒಬ್ಬ ಬಡಿಗರ ಹೆಸರು ಸಿಗುತ್ತದೆ.